ಮಾಡು, ಕೊಯ್ಯು, ಮುಳುಗು: ಮಕ್ಕಳ ಇಂಗ್ಲಿಷ್ ಬರಹಕ್ಕೆ ಯಾವ ಕ್ರಿಯಾಪದ ಒಗ್ಗುತ್ತದೆ?

'ಮೈ ಫಾದರ್ ಈಸ್ ಡೂಯಿಂಗ್ ಅಗ್ರಿಕಲ್ಚರ್.' ಕೊಡಗಿನ ಯಾವ ಹೈಸ್ಕೂಲಿನ ಪ್ರಬಂಧದ ಕಟ್ಟು ಬಿಚ್ಚಿದರೂ ಒಂದೆರಡು ಹಾಳೆಯಲ್ಲಾದರೂ ಈ ವಾಕ್ಯ ಇದ್ದೇ ಇರುತ್ತದೆ. ಕರ್ತೃ, ಕ್ರಿಯೆ, ಕಾಲ ಎಲ್ಲವೂ ಇದ್ದಲ್ಲೇ ಇವೆ, ವ್ಯಾಕರಣದ ತಕರಾರು ಹೆಚ್ಚೇನಿಲ್ಲ. ಆದರೆ ಇಂಗ್ಲಿಷ್ ಮನೆಮಾತಿನವರು ಯಾರೂ ಹೀಗೆ ಹೇಳುವುದಿಲ್ಲ. ಕೆಳಗೆ ಕೆಂಪು ಗೆರೆ ಎಳೆಯುವುದು ಸುಲಭ, ಮೇಲೆ ಏನು ಬರೆಯಬೇಕು ಅನ್ನುವಲ್ಲಿ ಪೆನ್ನು ನಿಲ್ಲುತ್ತದೆ.

ಎದುರಿಗಿರುವ ಆಯ್ಕೆಗಳು ಒಂದೆರಡಲ್ಲ. ಎರಡೆಕರೆ ಸ್ವಂತ ತೋಟದಲ್ಲಿ ತಾನೇ ದುಡಿಯುವವನಾದರೆ 'ಗ್ರೋಸ್ ಕಾಫಿ ಅಂಡ್ ಪೆಪರ್' ಎಂಬುದು ಎಲ್ಲಕ್ಕಿಂತ ಸಹಜ. ದೊಡ್ಡ ತೋಟದ ಆಡಳಿತ ನೋಡುವವನಾದರೆ 'ರನ್ಸ್ ಆ್ಯನ್ ಎಸ್ಟೇಟ್'. ತೋಟ ಅವನದೇ ಆಗಿರಬೇಕೆಂದಿಲ್ಲ. ಹಕ್ಕುಪತ್ರ ಅವನ ಹೆಸರಲ್ಲಿದೆ ಎಂದು ಹೇಳಬೇಕಾದರೆ ಮಾತ್ರ 'ಓನ್ಸ್'. ತೋಟದ ಲೆಕ್ಕಪತ್ರ ನೋಡುವ ರೈಟರ್ ಕೆಲಸದವನಿಗೆ 'ಲುಕ್ಸ್ ಆಫ್ಟರ್' ಹೊಂದುತ್ತದೆ, ಲೈನ್ ಮನೆಯಲ್ಲಿದ್ದು ಕೂಲಿಗೆ ಹೋಗುವವನಿಗೆ 'ವರ್ಕ್ಸ್ ಆನ್ ಆ್ಯನ್ ಎಸ್ಟೇಟ್'. 'ಕಲ್ಟಿವೇಟ್ಸ್' ತಪ್ಪಲ್ಲ, ಆದರೆ ಅದು ಸಮಾಜ ವಿಜ್ಞಾನದ ಪಾಠದಿಂದ ಎದ್ದುಬಂದ ಪದ; ಅಪ್ಪನ ಬಗ್ಗೆ ಬರೆಯುವ ಮಗಳ ಬಾಯಲ್ಲಿ ಕೃತಕ. ಅಂದರೆ ತಿದ್ದುವ ಮೊದಲು ಇಂಗ್ಲಿಷಿನ ಪ್ರಶ್ನೆ ಬೇಡ. 'ನಿನ್ನಪ್ಪ ಅಲ್ಲಿ ಏನು ಮಾಡ್ತಾರೆ?' ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಕೇಳದೆ ತಿದ್ದಿದರೆ ಕೂಲಿಯವನ ಮಗಳ ಹಾಳೆಯಲ್ಲಿ ಅಪ್ಪ ಪ್ಲಾಂಟರ್ ಆಗಿಬಿಡುತ್ತಾನೆ.

ಈ ಬರಹ ಕೆಂಪು ಪೆನ್ನು ಹಿಡಿದು ಕೂರುವ ಮೇಷ್ಟ್ರುಗಳಿಗೆ, ಟ್ಯೂಷನ್ ಹೇಳುವವರಿಗೆ, ಸಂಜೆ ಮಕ್ಕಳ ನೋಟ್ಸು ನೋಡುವ ಅಕ್ಕಂದಿರಿಗೆ. ಮಗು ಹೇಳಹೊರಟ ಸಂಗತಿಗೆ ತೀರ ಹತ್ತಿರದ, ಮಗುವಿನ ದನಿಗೆ ಒಗ್ಗುವ ಪದವನ್ನು ಆರಿಸಬೇಕು, ಇದ್ದುದರಲ್ಲಿ ದೊಡ್ಡದನ್ನಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತ.

'ಮಾಡು' ಎಂಬ ಸರ್ವಾಂತರ್ಯಾಮಿ

ಕನ್ನಡದಲ್ಲಿ ಊಟ ಮಾಡುತ್ತೇವೆ, ಸ್ನಾನ, ನಿದ್ದೆ, ತಪ್ಪು, ಫೋನು, ಸಾಲ, ಭಾಷಣ, ಮದುವೆ ಎಲ್ಲವನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ಪ್ರತಿ ನಾಮಪದವೂ ತನ್ನ ಜೊತೆಗಾರನನ್ನು ತಾನೇ ಗೊತ್ತುಮಾಡಿಕೊಂಡಿದೆ. ಲಂಚ್ ಜೊತೆ 'ಹ್ಯಾವ್', ಮಿಸ್ಟೇಕ್ ಜೊತೆ 'ಮೇಕ್', ಹೋಂವರ್ಕ್ ಜೊತೆ 'ಡೂ', ಸ್ಪೀಚ್ ಜೊತೆ 'ಗಿವ್' ಅಥವಾ 'ಮೇಕ್', ಲೋನ್ ಜೊತೆ 'ಟೇಕ್' ಅಥವಾ 'ಗೆಟ್'. ನಿದ್ದೆಗೆ ಜೊತೆಗಾರನೇ ಬೇಡ, 'ಸ್ಲೆಪ್ಟ್' ಎಂದರೆ ಮುಗಿಯಿತು. ಪದವನ್ನು ಅದರ ಸಹವಾಸದಿಂದ ಗುರುತಿಸಬೇಕು ಎಂಬರ್ಥದ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಈ ಸಹವಾಸಕ್ಕೆ ಇಂಗ್ಲಿಷಿನಲ್ಲಿ 'ಕೊಲೊಕೇಶನ್' ಎನ್ನುತ್ತಾರೆ.

'ಡೂ' ಮತ್ತು 'ಮೇಕ್' ನಡುವೆ ಆರಿಸಲು ತರಗತಿಯಲ್ಲಿ ಹೇಳಿಕೊಡುವ ಸೂತ್ರ ಒಂದಿದೆ: ಕೆಲಸವಾದರೆ 'ಡೂ', ಕೆಲಸದ ಕೊನೆಯಲ್ಲಿ ಹೊಸದೊಂದು ವಸ್ತು ಉಳಿಯುವುದಾದರೆ 'ಮೇಕ್'. ಪಾತ್ರೆ ತೊಳೆಯುವುದು 'ಡೂ ದ ಡಿಶಸ್', ಕಾಫಿ ಕಾಯಿಸುವುದು 'ಮೇಕ್ ಕಾಫಿ', ಗಲಾಟೆ 'ಮೇಕ್ ಎ ನಾಯ್ಸ್'. ಬಹಳ ದೂರ ಕೈಹಿಡಿಯುತ್ತದೆ. ಆದರೆ ಹಾಸಿಗೆ ಸರಿಮಾಡುವುದು 'ಮೇಕ್ ದ ಬೆಡ್'. ಅಲ್ಲಿ ಹೊಸದೇನೂ ಹುಟ್ಟಲಿಲ್ಲ. ಸೂತ್ರ ಸೋತಲ್ಲಿ ನಿಘಂಟು ಬೇಕು, ಮತ್ತು ನಿಘಂಟಿನಲ್ಲಿ ಹುಡುಕಬೇಕಾದದ್ದು ಕ್ರಿಯಾಪದವನ್ನಲ್ಲ, ನಾಮಪದವನ್ನು. 'ಮೇಕ್' ಎಂದು ತೆಗೆದರೆ ಪುಟಗಟ್ಟಲೆ ಅರ್ಥಗಳ ಕಾಡು. 'ಮಿಸ್ಟೇಕ್' ಎಂದು ತೆಗೆದರೆ ಮೊದಲ ಉದಾಹರಣೆಗಳಲ್ಲೇ ಅದರ ಜೊತೆಗಾರ ಕೂತಿರುತ್ತಾನೆ. ಮಕ್ಕಳಿಗೆ ಇದೊಂದು ಅಭ್ಯಾಸ ಹಿಡಿಸಿದರೆ ನಮ್ಮ ತಿದ್ದುವ ಕೆಲಸ ಎಷ್ಟೋ ಇಳಿಯುತ್ತದೆ.

ಇಲ್ಲೇ ಒಂದು ಎಚ್ಚರಿಕೆ. 'ಟೇಕ್ ಎ ಡಿಸಿಷನ್' ಕಂಡ ಕೂಡಲೇ ಹೊಡೆದು 'ಮೇಕ್' ಬರೆಯುವವರು ಇದ್ದಾರೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಎರಡೂ ಬಳಕೆಯಲ್ಲಿವೆ. ಸ್ನಾನಕ್ಕೂ ಅಷ್ಟೆ, ಬ್ರಿಟಿಷರು 'ಹ್ಯಾವ್ ಎ ಬಾತ್' ಎನ್ನುತ್ತಾರೆ, ಅಮೆರಿಕನ್ನರು 'ಟೇಕ್ ಎ ಬಾತ್'. ಮಗು ಯಾವುದನ್ನು ಬರೆದರೂ ಪೆನ್ನು ಮುಚ್ಚಿಟ್ಟುಕೊಳ್ಳಿ.

ಕೊಯ್ಯುವುದು ಏನನ್ನು?

ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಮ್ಮಲ್ಲಿ ಪ್ರಬಂಧಗಳೂ ಕಾಫಿ ಕೊಯ್ಲಿನ ಸುತ್ತಲೇ ಸುತ್ತುತ್ತವೆ. ಕಾಫಿ ಕೊಯ್ಯುತ್ತೇವೆ, ಮೆಣಸು ಕೊಯ್ಯುತ್ತೇವೆ, ಭತ್ತ ಕೊಯ್ಯುತ್ತೇವೆ, ದೇವರಿಗೆ ಹೂ ಕೊಯ್ಯುತ್ತೇವೆ. ಇಂಗ್ಲಿಷಿಗೆ ಹೋಗುವಾಗ ಮಕ್ಕಳ ಕೈಗೆ 'ಪ್ಲಕ್', 'ಪಿಕ್', 'ಕಟ್', 'ಹಾರ್ವೆಸ್ಟ್', 'ರೀಪ್' ಐದೂ ಸಿಗುತ್ತವೆ, ಯಾವುದು ಮೊದಲು ಸಿಕ್ಕಿತೋ ಅದನ್ನು ಹಾಕಿಬಿಡುತ್ತಾರೆ. ಹೆಚ್ಚಾಗಿ 'ಪ್ಲಕ್'.

ಕಾಫಿಗೆ 'ಪಿಕ್'. ಇದಕ್ಕೆ ದೂರದ ಸಾಕ್ಷಿ ಬೇಕಿಲ್ಲ, ನಮ್ಮ ತೋಟಗಳ ಮಾತೇ ಸಾಕು. ಹಣ್ಣಾದದ್ದನ್ನು ಮಾತ್ರ ಆರಿಸಿ ತೆಗೆಯುವ ಮೊದಲ ಸುತ್ತು 'ಫ್ಲೈ ಪಿಕಿಂಗ್', ಕೊನೆಗೆ ಗಿಡದಲ್ಲಿ ಉಳಿದದ್ದನ್ನೆಲ್ಲ ಎಳೆಯುವುದು 'ಸ್ಟ್ರಿಪ್ಪಿಂಗ್'. ಮುನ್ನಾರಿನ ಅಥವಾ ನೀಲಗಿರಿಯ ಚಹಾಕ್ಕೆ 'ಪ್ಲಕ್'. ಅಲ್ಲಿ ಚಿಗುರನ್ನು ಚಿವುಟುತ್ತಾರೆ. ಎರಡೂ ಬೆಟ್ಟದ ಬೆಳೆ, ಎರಡಕ್ಕೂ ಬುಟ್ಟಿ, ಆದರೂ ಪದ ಬೇರೆ. ಚಹಾ ಬಿಟ್ಟರೆ 'ಪ್ಲಕ್' ಹೆಚ್ಚಾಗಿ ಓಡಾಡುವುದು ಕೋಳಿಯ ಪುಕ್ಕ, ಹುಬ್ಬಿನ ಕೂದಲು, ವೀಣೆಯ ತಂತಿಗಳ ಹತ್ತಿರ. ಚಟ್ಟನೆ ಎಳೆದು ಕೀಳುವಲ್ಲಿ. ಹೂವಿಗೆ ಭಾರತದಲ್ಲಿ 'ಪ್ಲಕ್' ರೂಢಿ, ಹೊರಗೆ 'ಪಿಕ್'. ನಾನಾದರೆ ಹೂವಿನ 'ಪ್ಲಕ್' ತಿದ್ದುವುದಿಲ್ಲ, ಕಾಫಿಯ 'ಪ್ಲಕ್' ಖಂಡಿತ ತಿದ್ದುತ್ತೇನೆ.

'ಹಾರ್ವೆಸ್ಟ್' ಇಡೀ ಬೆಳೆಯ, ಇಡೀ ಹಂಗಾಮಿನ ಪದ. 'ವಿ ಹಾರ್ವೆಸ್ಟ್ ರೊಬಸ್ಟಾ ಆಫ್ಟರ್ ಅರೇಬಿಕಾ' ಚೆನ್ನಾಗಿದೆ. 'ಮೈ ಮದರ್ ಹಾರ್ವೆಸ್ಟೆಡ್ ಟೂ ಬ್ಯಾಗ್ಸ್ ಟುಡೇ' ಎಂದಾಗ ಮಾತ್ರ ಪದ ದೊಡ್ಡದಾಯಿತು. ಕೈಯಿಂದ ಕೊಯ್ದ ಎರಡು ಚೀಲಕ್ಕೆ 'ಪಿಕ್ಡ್' ಸಾಕು. ಭತ್ತಕ್ಕೆ 'ಹಾರ್ವೆಸ್ಟ್', ಕುಡುಗೋಲು ಹಿಡಿದ ದೃಶ್ಯವಾದರೆ 'ಕಟ್'. ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವುದನ್ನು 'ಕಟ್ ದ ಫಸ್ಟ್ ಶೀವ್ಸ್' ಎಂದರೆ ಓದುವವರ ಕಣ್ಣಿಗೆ ಕಟ್ಟುತ್ತದೆ. 'ರೀಪ್' ಹಳೆಯ ಗಾದೆಗಳ ಪದ, ಇಂದಿನ ಗದ್ದೆಯ ವರ್ಣನೆಗೆ ಬೇಡ.

ಕಣದ ಕೆಲಸಕ್ಕೆ ಬಂದರೆ 'ಪುಟ್ ದ ಕಾಫಿ ಇನ್ ದ ಯಾರ್ಡ್' ಎಂದು ಬರೆಯುತ್ತಾರೆ. ನಮ್ಮ 'ಹಾಕು' ಅಲ್ಲಿ ಇಣುಕುತ್ತಿದೆ. ಹರಡುವುದಾದ್ದರಿಂದ 'ಸ್ಪ್ರೆಡ್'.

ಆನೆ ಬಂತು, ತೋಟ ಹಾಳಾಯಿತು

ಸಿದ್ದಾಪುರದ ಕಡೆಯ ಮಕ್ಕಳ ಬರಹದಲ್ಲಿ ಆನೆ ಬರದೆ ಇರುವುದಿಲ್ಲ, ಆನೆ ಬಂದ ಮೇಲೆ 'ಸ್ಪಾಯಿಲ್ಡ್ ಅವರ್ ಎಸ್ಟೇಟ್' ಬರದೆ ಇರುವುದಿಲ್ಲ. ಹಾಳುಮಾಡುವುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಪದ ಪಕ್ಕಪಕ್ಕ ನಿಂತಿವೆ. 'ಸ್ಪಾಯಿಲ್' ಅನ್ನ, ಮೂಡು, ಪ್ರವಾಸ, ಮುದ್ದಿನ ಮಗು ಇವುಗಳಿಗೆ ಸರಿ. ಬೇಲಿ ಬಾಗಿದೆ, ಗಿಡ ಮುರಿದಿದೆ, ರಿಪೇರಿಗೆ ಏನಾದರೂ ಉಳಿದಿದೆ ಎಂದರೆ 'ಡ್ಯಾಮೇಜ್'. ಏನೂ ಉಳಿಯದಿದ್ದರೆ 'ಡಿಸ್ಟ್ರಾಯ್'. ವಸ್ತು ಕಣ್ಣೆದುರೇ ಇದೆ, ಬೆಲೆ ಮಾತ್ರ ಹೋಯಿತು ಎಂಬಲ್ಲಿ 'ರೂಯಿನ್': ಜನವರಿಯಲ್ಲಿ ಅಕಾಲ ಮಳೆ ಬಂದು ಕಣದ ಕಾಫಿ ಕೆಟ್ಟರೆ 'ದ ರೇನ್ ರೂಯಿನ್ಡ್ ದ ಕಾಫಿ' ಎನ್ನುವುದೇ ಸರಿ.

ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಪತ್ರ ಬರೆಯುವ ಪ್ರಶ್ನೆಯಲ್ಲಿ ಈ ಭೇದ ಬರೀ ಅಂದಕ್ಕಲ್ಲ. 'ಡಿಸ್ಟ್ರಾಯ್ಡ್' ಎಂದು ಬರೆದು, ಪರಿಶೀಲನೆಗೆ ಬಂದವರಿಗೆ ಗಿಡಗಳು ನಿಂತೇ ಇರುವುದು ಕಂಡರೆ ಬರೆದವರ ಮಾತು ಹಗುರಾಗುತ್ತದೆ. ಅಲ್ಲಿ 'ಡ್ಯಾಮೇಜ್ಡ್' ಪ್ರಾಮಾಣಿಕ ಪದ. ಅದೇ ಘಟನೆ ಕತೆಯಾದರೆ 'ನಾಕ್ಡ್ ಡೌನ್ ದ ಫೆನ್ಸ್ ಅಂಡ್ ಟ್ರ್ಯಾಂಪಲ್ಡ್ ದ ಪ್ಲಾಂಟ್ಸ್' ಎಂದು ಬರೆಯಲಿ. ತುಳಿಯುವುದಕ್ಕೆ 'ಸ್ಟೆಪ್ಡ್ ಆನ್' ಎಂದರೆ ಆನೆ ಅಪ್ಪಿತಪ್ಪಿ ಒಂದು ಗಿಡದ ಮೇಲೆ ಕಾಲಿಟ್ಟ ಹಾಗೆ. ಮನುಷ್ಯರಿಗೆ ಪೆಟ್ಟಾದರೆ 'ಡ್ಯಾಮೇಜ್' ಬೇಡವೇ ಬೇಡ, 'ಇಂಜರ್ಡ್' ಅಥವಾ 'ಹರ್ಟ್'. 'ವೂಂಡೆಡ್' ಗುಂಡು, ಕತ್ತಿ, ಯುದ್ಧದ ಕಡೆಯದು.

ಆಮೇಲೆ ಬರುವುದು 'ದ ಫಾರೆಸ್ಟ್ ಪೀಪಲ್ ರ‍್ಯಾನ್ ದ ಎಲಿಫೆಂಟ್'. ಓಡು, ಓಡಿಸು ಎಂದು ನಮ್ಮಲ್ಲಿ ಒಂದು ಪ್ರತ್ಯಯ ಸೇರಿಸಿದರೆ ಆಯಿತು. ಇಂಗ್ಲಿಷಿನಲ್ಲಿ ಪದವೇ ಬದಲಾಗಬೇಕು: 'ಡ್ರೋವ್ ದ ಎಲಿಫೆಂಟ್ ಬ್ಯಾಕ್ ಇಂಟು ದ ಫಾರೆಸ್ಟ್'. 'ಚೇಸ್ಡ್ ಅವೇ' ಕೂಡ ಆದೀತು, ಆದರೆ ಬರೀ 'ಚೇಸ್ಡ್' ಎಂದರೆ ಹಿಂದೆ ಓಡಿದರು ಅಷ್ಟೆ, ಆನೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ಆನೆಯೇ ತಿರುಗಿ ನುಗ್ಗಿದರೆ 'ಚಾರ್ಜ್ಡ್ ಅಟ್ ಅಸ್'. ಈ ಪದವನ್ನು ಹೇಳಿಕೊಟ್ಟ ದಿನ ತರಗತಿಯಲ್ಲಿ ಎಲ್ಲರಿಗೂ ಖುಷಿ. ಮೊಬೈಲಿಗೆ ಮಾತ್ರ ಚಾರ್ಜ್ ಎಂದುಕೊಂಡಿರುತ್ತಾರೆ.

ಮುಳುಗಿದ್ದು ಸೇತುವೆಯೇ, ಸೂರ್ಯನೇ, ಹುಡುಗನೇ?

ಮಳೆಗಾಲದಲ್ಲಿ ಭಾಗಮಂಡಲದ ಸಂಗಮ ಮುಳುಗುತ್ತದೆ. ರಾಜಾಸೀಟಿನಲ್ಲಿ ನಿಂತರೆ ಸೂರ್ಯ ಮುಳುಗುತ್ತಾನೆ. ದೋಣಿ ಮುಳುಗುತ್ತದೆ, ಈಜು ಬಾರದವನೂ ಮುಳುಗುತ್ತಾನೆ. ಕನ್ನಡಕ್ಕೆ ಒಂದೇ ಪದ, ಇಂಗ್ಲಿಷಿನಲ್ಲಿ ಇವುಗಳನ್ನು ಅದಲುಬದಲು ಮಾಡಿದರೆ ಅನಾಹುತ. ದೋಣಿ 'ಸ್ಯಾಂಕ್'. ಸೂರ್ಯ 'ಸೆಟ್'. ಸೇತುವೆ ಇದ್ದಲ್ಲೇ ಇದೆ, ನೀರು ಮೇಲೇರಿತು ಅಷ್ಟೆ. ಆದ್ದರಿಂದ 'ದ ಬ್ರಿಡ್ಜ್ ಸ್ಯಾಂಕ್' ಎಂದರೆ ಓದುವವರು ಸೇತುವೆ ಹೂತು ಕೆಳಗಿಳಿಯಿತೆಂದು ತಿಳಿಯುತ್ತಾರೆ. 'ವೆಂಟ್ ಅಂಡರ್ ವಾಟರ್' ಸರಳ ಮತ್ತು ಸಹಜ, ವರದಿಯಾದರೆ 'ವಾಸ್ ಸಬ್‌ಮರ್ಜ್ಡ್', ರಸ್ತೆ ಮತ್ತು ಗದ್ದೆಗೆ 'ವಾಸ್ ಫ್ಲಡೆಡ್'.

'ಡ್ರೌನ್' ಪದದಲ್ಲಿ ಸಾವು ಸೇರಿಕೊಂಡಿದೆ. 'ಹಿ ಡ್ರೌನ್ಡ್ ಬಟ್ ಪೀಪಲ್ ಸೇವ್ಡ್ ಹಿಮ್' ಎಂದು ಮಗು ಬರೆದರೆ, ಸತ್ತವನನ್ನು ಬದುಕಿಸಿದ ಕತೆಯಾಗುತ್ತದೆ. 'ನಿಯರ್ಲಿ ಡ್ರೌನ್ಡ್' ಎಂದಾಗಬೇಕು. ಇದು ರುಚಿಯ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ. ಇಂಥ ಕಡೆ ಧಾರಾಳವಾಗಿ ತಿದ್ದಿ.

2018ರ ಆಗಸ್ಟ್ ತಿಂಗಳ ಭೂಕುಸಿತದ ಬಗ್ಗೆ ಮಕ್ಕಳು ಈಗಲೂ ಮನೆಯವರ ಬಾಯಿಂದ ಕೇಳಿ ಬರೆಯುತ್ತಾರೆ. 'ದ ಹಿಲ್ ಫೆಲ್' ಎಂಬುದು ಅವರ ವಾಕ್ಯ. ಬೆಟ್ಟ ಮರದ ಹಾಗೆ ಉರುಳಿದಂತೆ ಕೇಳಿಸುತ್ತದೆ. ಗುಡ್ಡ ಜರಿಯುವುದಕ್ಕೆ 'ದ ಹಿಲ್‌ಸೈಡ್ ಗೇವ್ ವೇ' ಅಥವಾ 'ಕೇಮ್ ಡೌನ್' ಸರಿಹೊಂದುತ್ತದೆ. ಆಮೇಲಿನದಕ್ಕೆ ಒಂದೊಂದಕ್ಕೂ ತನ್ನದೇ ಪದ: ಮಣ್ಣು ಮನೆಗಳನ್ನು 'ಬರೀಡ್', ನೀರು 'ಸ್ವೆಪ್ಟ್ ಅವೇ', ಮಡಿಕೇರಿ–ಸಂಪಾಜೆ ರಸ್ತೆಯನ್ನು ಕುಸಿತ 'ಬ್ಲಾಕ್ಡ್', ಊರುಗಳು 'ವರ್ ಕಟ್ ಆಫ್'. ಆಗ ನಲುಗಿದ ಮಕ್ಕಂದೂರಿನಂಥ ಊರಿನ ಮಗು ಬರೆದಿದ್ದರೆ ಕೆಂಪು ಪೆನ್ನು ಸ್ವಲ್ಪ ಮೆತ್ತಗಿರಲಿ ಎಂದು ಬೇರೆ ಹೇಳಬೇಕಿಲ್ಲ.

ಕಾವೇರಿಯ ಹುಟ್ಟಿನ ಮಾತೂ ಇಲ್ಲೇ ಬರಲಿ. 'ಕಾವೇರಿ ಟೇಕ್ಸ್ ಬರ್ತ್ ಅಟ್ ತಲಕಾವೇರಿ' ಎಂಬುದು ನಮ್ಮ ಮಕ್ಕಳದಷ್ಟೇ ಅಲ್ಲ, ಪ್ರವಾಸಿ ಫಲಕಗಳಲ್ಲೂ ಕಾಣುವ ವಾಕ್ಯ. ಭೂಗೋಳದ ಪುಸ್ತಕದ ಪದ 'ರೈಸಸ್'. 'ಒರಿಜಿನೇಟ್ಸ್' ತಪ್ಪಿಲ್ಲ, ಕೊಂಚ ಒಣಕಲು. 'ಬಿಗಿನ್ಸ್' ಎಂದರೆ ಎಂಟನೇ ತರಗತಿಯ ದನಿಗೆ ಚೆನ್ನಾಗಿ ಒಗ್ಗುತ್ತದೆ. ಕೊಡಗಿನವರಿಗೆ ಕಾವೇರಿ ತಾಯಿ. ತುಲಾ ಸಂಕ್ರಮಣದ ತೀರ್ಥೋದ್ಭವದ ಬಗ್ಗೆ ಭಕ್ತಿಯಿಂದ ಬರೆಯುವ ಮಗುವಿಗೆ 'ಈಸ್ ಬಾರ್ನ್' ಕೊಡಿ, ಅದರಲ್ಲಿ ಭಾವವೂ ಉಳಿಯಿತು, ಇಂಗ್ಲಿಷೂ ಉಳಿಯಿತು. 'ರೈಸಸ್' ಆರಿಸಿದರೆ ಒಂದು ಮಾತು ಹೇಳಿಕೊಡಬೇಕು: 'ದ ಕಾವೇರಿ ರೈಸಸ್ ಅಟ್ ತಲಕಾವೇರಿ' ಎಂದರೆ ಅಲ್ಲಿ ಹುಟ್ಟುತ್ತದೆ, 'ದ ಕಾವೇರಿ ರೋಸ್ ಲಾಸ್ಟ್ ನೈಟ್' ಎಂದರೆ ನೀರಿನ ಮಟ್ಟ ಏರಿತು. ಕನ್ನಿಕೆ ನದಿ ಕಾವೇರಿಯನ್ನು 'ಜಾಯಿನ್ಸ್', ಆದರೆ ಸುಜ್ಯೋತಿಯನ್ನೂ ಸೇರಿಸಿ ಮೂರನ್ನೂ ಸಮವಾಗಿ ಹೇಳುವಾಗ 'ಮೀಟ್'.

ಕಾರ್ಯಪ್ಪನವರ ಮೇಲಿನ ಪ್ರಬಂಧ

ಕೊಡಗಿನ ಶಾಲೆಗಳಲ್ಲಿ ಇದು ತಪ್ಪದ ವಿಷಯ. ಒಬ್ಬರ ಜೀವನವನ್ನು ಹುಟ್ಟಿನಿಂದ ಸಾವಿನವರೆಗೆ ಬರೆಯುವುದರಿಂದ ಕ್ರಿಯಾಪದದ ಪರೀಕ್ಷೆಯೂ ಇಡಿಯಾಗಿ ನಡೆದುಹೋಗುತ್ತದೆ.

'ಹಿ ಟುಕ್ ಬರ್ತ್ ಇನ್ 1899' ಬೇಡ, 'ವಾಸ್ ಬಾರ್ನ್'. ಸೇನೆಗೆ ಸೇರಿದ್ದಕ್ಕೆ 'ಎಂಟರ್ಡ್ ದ ಆರ್ಮಿ' ಎಂದು ಬರೆದಿರುತ್ತಾರೆ, 'ಜಾಯಿನ್ಡ್' ಸಹಜ. 'ಎನ್‌ಲಿಸ್ಟೆಡ್' ಎಂದು ಯಾರಾದರೂ ದೊಡ್ಡವರು ಸೂಚಿಸಿದರೆ ಒಪ್ಪಬೇಡಿ, ಅದು ಸಾಮಾನ್ಯವಾಗಿ ಸಿಪಾಯಿಯಾಗಿ ಸೇರುವವರಿಗೆ. ಅಧಿಕಾರಿಯಾದವರಿಗೆ 'ವಾಸ್ ಕಮಿಷನ್ಡ್'. ಮನೆಯಲ್ಲೇ ನಿವೃತ್ತ ಸುಬೇದಾರರಿರುವ ಮಕ್ಕಳಿಗೆ ಈ ಭೇದ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

1949ರ ಜನವರಿ 15ಕ್ಕೆ ಬಂದಾಗ ಮೂರು ದಾರಿ ತೆರೆಯುತ್ತವೆ. 'ಬಿಕೇಮ್ ದ ಫಸ್ಟ್ ಇಂಡಿಯನ್ ಕಮಾಂಡರ್-ಇನ್-ಚೀಫ್' ತಟಸ್ಥ, ಎಲ್ಲೂ ಎಡವುವುದಿಲ್ಲ. 'ವಾಸ್ ಅಪಾಯಿಂಟೆಡ್' ಎಂದರೆ ಗಮನ ನೇಮಿಸಿದವರ ಕಡೆ ತಿರುಗುತ್ತದೆ, ಮೇಲಾಗಿ ನೇಮಕದ ಆದೇಶವೂ ಅಧಿಕಾರ ವಹಿಸಿಕೊಂಡ ದಿನವೂ ಒಂದೇ ಆಗಿರಬೇಕಿಲ್ಲ. ಜನರಲ್ ರಾಯ್ ಬುಚರ್ ಅವರಿಂದ ಕಾರ್ಯಪ್ಪ ಅಧಿಕಾರ ವಹಿಸಿಕೊಂಡ ದಿನ ಅದು, ಅದಕ್ಕೇ ಸೇನಾ ದಿನಾಚರಣೆ. ಆದ್ದರಿಂದ ತಾರೀಖು ಬರೆದ ವಾಕ್ಯದಲ್ಲಿ 'ಟುಕ್ ಓವರ್ ಆ್ಯಸ್' ಎಲ್ಲಕ್ಕಿಂತ ಚೊಕ್ಕ. ತಾರೀಖಿಲ್ಲದೆ ಬರೀ 1949 ಎಂದಿದ್ದರೆ 'ಬಿಕೇಮ್' ಸಾಕು.

1986ರ ಫೀಲ್ಡ್ ಮಾರ್ಷಲ್ ಪದವಿಗೆ 'ವಾಸ್ ಕನ್‌ಫರ್ಡ್ ವಿತ್' ಎಂದು ಬರೆಯುವುದು ಪತ್ರಿಕೆಗಳಿಂದ ಬಂದ ಚಾಳಿ. 'ಕನ್‌ಫರ್' ಬೇಕೇ ಬೇಕೆಂದರೆ ಪದವಿ ಕರ್ತೃವಾಗಬೇಕು: 'ದ ರ‍್ಯಾಂಕ್ ವಾಸ್ ಕನ್‌ಫರ್ಡ್ ಆನ್ ಹಿಮ್'. ಅಷ್ಟು ಕಸರತ್ತು ಯಾಕೆ? 'ವಾಸ್ ಮೇಡ್ ಫೀಲ್ಡ್ ಮಾರ್ಷಲ್' ಎಂದರೆ ಬ್ರಿಟಿಷ್ ಪತ್ರಿಕೆಯವನೂ ಹಾಗೇ ಬರೆಯುತ್ತಾನೆ.

1993ಕ್ಕೆ 'ಎಕ್ಸ್‌ಪೈರ್ಡ್'. ಹಾಲಿನ ಪ್ಯಾಕೆಟ್ಟಿಗೂ ಡ್ರೈವಿಂಗ್ ಲೈಸೆನ್ಸಿಗೂ ಆಗುವುದು ಅದು. ಮಗು ಗೌರವಕ್ಕೆಂದೇ ಆ ಪದ ಆರಿಸಿರುತ್ತದೆ, ನಮ್ಮಲ್ಲಿ ದೊಡ್ಡವರು 'ಸತ್ತರು' ಎನ್ನಲು ನಾಲಗೆ ಏಳುವುದಿಲ್ಲವಲ್ಲ. ಆದರೆ ಇಂಗ್ಲಿಷ್ ಜೀವನಚರಿತ್ರೆಯಲ್ಲಿ 'ಡೈಡ್' ಎಂಬುದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ. 'ಪಾಸ್ಡ್ ಅವೇ' ಮನೆಯವರ, ಪರಿಚಿತರ ಸಾವಿಗೆ. ಅಜ್ಜನ ಬಗ್ಗೆ ಬರೆಯುವಾಗ ಅದೇ ಇರಲಿ.

ಜನರಲ್ ತಿಮ್ಮಯ್ಯನವರ ಪ್ರಬಂಧದಲ್ಲಿ ಇನ್ನೊಂದು ಸೇರುತ್ತದೆ. ಸೈಪ್ರಸ್ಸಿನ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಅವರು 'ಹೆಡೆಡ್', 'ಲೆಡ್', 'ಕಮಾಂಡೆಡ್'. ಸೇನೆಯ ಪಡೆಯಾದ್ದರಿಂದ 'ಕಮಾಂಡೆಡ್' ನಿಖರ, 'ಲೆಡ್' ಕೂಡ ಚೆನ್ನ. 'ಹೆಡೆಡ್' ಸಮಿತಿಗೆ, ಕಚೇರಿಗೆ.

ಹೊಡೆದದ್ದು ಗೋಲೋ ಗುಂಡೋ

ಹಾಕಿ ಮೈದಾನದಲ್ಲಿ ನಾವು ಗೋಲು ಹೊಡೆಯುತ್ತೇವೆ, ಇಂಗ್ಲಿಷಿನಲ್ಲಿ ಚೆಂಡನ್ನು 'ಹಿಟ್', ಗೋಲನ್ನು 'ಸ್ಕೋರ್'. 'ವಿ ವನ್ ಪೊನ್ನಂಪೇಟೆ ಟೀಮ್' ಎಂದು ಬರೆದರೆ ಬಹುಮಾನವಾಗಿ ಪೊನ್ನಂಪೇಟೆ ತಂಡವೇ ಸಿಕ್ಕಿದ ಹಾಗೆ! ಪಂದ್ಯವನ್ನು, ಕಪ್ಪನ್ನು 'ವಿನ್', ಎದುರಾಳಿಯನ್ನು 'ಬೀಟ್'. 'ಡಿಫೀಟ್' ಪತ್ರಿಕೆಯ ವರದಿಗೆ ಇರಲಿ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರುಮಾಡಿದ ಕೊಡವ ಹಾಕಿ ಹಬ್ಬದ ಬಗ್ಗೆ ಬರೆಯುವಾಗ 'ಕಂಡಕ್ಟೆಡ್' ಹಾಳೆ ತುಂಬಾ ಹರಡಿರುತ್ತದೆ. ಇಂಗ್ಲಿಷಿನಲ್ಲಿ 'ಕಂಡಕ್ಟ್' ಹೆಚ್ಚಾಗಿ ಸಮೀಕ್ಷೆ, ಪ್ರಯೋಗ, ಸಂದರ್ಶನಗಳಿಗೆ. ಯಾವ ಕುಟುಂಬದ ಹೆಸರಲ್ಲಿ ಆ ವರ್ಷದ ಹಬ್ಬವೋ ಅವರು 'ಹೋಸ್ಟ್' ಮಾಡುತ್ತಾರೆ. ಪೆಂಡಾಲು, ಊಟ, ವೇಳಾಪಟ್ಟಿ ನೋಡಿಕೊಂಡವರು 'ಆರ್ಗನೈಸ್' ಮಾಡಿದವರು. ಯಾರೆಂದು ಹೇಳುವ ಅಗತ್ಯವೇ ಇಲ್ಲದಿದ್ದರೆ 'ವಾಸ್ ಹೆಲ್ಡ್'.

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಪುಟ್ಟ 'ಅಟ್' ಒಂದು ಇಡೀ ಫಲಿತಾಂಶ ಬದಲಿಸುತ್ತದೆ. 'ಶಾಟ್ ಅಟ್ ದ ಕೋಕನಟ್' ಎಂದರೆ ಗುರಿಯಿಟ್ಟ, 'ಶಾಟ್ ದ ಕೋಕನಟ್' ಎಂದರೆ ತಾಗಿತು. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗಾಳಿಯಲ್ಲಿ ಹಾರಿಸುವ ಗುಂಡಿಗೆ ಗುರಿಯೇ ಇಲ್ಲವಾದ್ದರಿಂದ 'ಫೈರ್ಡ್ ಇಂಟು ದಿ ಏರ್'.

ಉಳಿದ ಜೋಡಿಗಳು ಎಲ್ಲ ಪಠ್ಯದಲ್ಲೂ ಇರುವಂಥವೇ. ಕೇಳುವುದು ಪ್ರಶ್ನೆಯಾದರೆ 'ಆಸ್ಕ್', ಸದ್ದು ಕಿವಿಗೆ ಬಿದ್ದರೆ 'ಹಿಯರ್', ಮನಸ್ಸಿಟ್ಟರೆ 'ಲಿಸನ್'. 'ಟೆಲ್' ಆದಮೇಲೆ ಯಾರಿಗೆ ಎಂಬುದು ಬರಬೇಕು, 'ಸೇ'ಗೆ ಆ ಹಂಗಿಲ್ಲ. ಕನಸನ್ನು 'ಸಾ' ಅಲ್ಲ, 'ಹ್ಯಾಡ್'. ಮಾತ್ರೆಯನ್ನು 'ಏಟ್' ಅಲ್ಲ, 'ಟುಕ್'. 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡ. 'ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್' ಎಂಬಲ್ಲಿ ಪದ ಸರಿ, ರೂಪ ತಪ್ಪು.

ನಮ್ಮೂರ ಇಂಗ್ಲಿಷನ್ನು ಎಲ್ಲಿ ಬಿಡಬೇಕು?

ದಕ್ಷಿಣದಲ್ಲಿ ನಾವು ಪರೀಕ್ಷೆಯನ್ನು 'ರೈಟ್' ಮಾಡುತ್ತೇವೆ, ಉತ್ತರದವರು 'ಗಿವ್' ಮಾಡುತ್ತಾರೆ, ಅಮೆರಿಕನ್ನರು 'ಟೇಕ್', ಬ್ರಿಟಿಷರು 'ಟೇಕ್' ಅಥವಾ 'ಸಿಟ್'. 'ರೈಟ್' ನಮ್ಮ ಕನ್ನಡದ ನೆರಳು ಎಂದು ನಾಚಬೇಕಿಲ್ಲ, ಕೆನಡಾ ಮತ್ತು ದಕ್ಷಿಣ ಆಫ್ರಿಕಾದಲ್ಲೂ ಅದೇ ರೂಢಿ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯಲ್ಲಿ ಅದನ್ನು ತಿದ್ದುವುದು ವ್ಯರ್ಥ ಶಾಯಿ. ಹೊರದೇಶದ ಕಾಲೇಜಿಗೆ ಅರ್ಜಿ ಬರೆಯುವ ಪಿಯುಸಿ ಮಗುವಿಗೆ 'ಟೇಕ್' ಎಂದು ಹೇಳಿ. 'ಗಿವ್ ಆ್ಯನ್ ಎಕ್ಸಾಮ್' ಹೊರಗಿನವರಿಗೆ ಮೇಷ್ಟ್ರು ಪರೀಕ್ಷೆ ಕೊಟ್ಟಂತೆ ಕೇಳುತ್ತದೆ, ಅದನ್ನು ಮಾತ್ರ ಬಿಡಿಸಿ.

'ಪಾಸ್ಡ್ ಔಟ್' ವಿಷಯದಲ್ಲಿ ಕೊಡಗಿಗೆ ವಿಶೇಷ ರಿಯಾಯಿತಿ ಬೇಕು. ಶಾಲೆ ಮುಗಿಸಿದ ಅಕ್ಕನಿಗೆ ಅದನ್ನು ಬಳಸಿದರೆ ಹೊರಗಿನವರು ಅಕ್ಕ ಮೂರ್ಛೆ ಹೋದಳೆಂದು ತಿಳಿದಾರು, 'ಗ್ರ್ಯಾಜುಯೇಟೆಡ್' ಅಥವಾ 'ಫಿನಿಶ್ಡ್ ಸ್ಕೂಲ್' ಎಂದಾಗಲಿ. ಆದರೆ ಅಣ್ಣ ಡೆಹ್ರಾಡೂನಿನ ಸೇನಾ ಅಕಾಡೆಮಿಯಿಂದ 'ಪಾಸ್ಡ್ ಔಟ್' ಆದ ಎಂದರೆ ಅದು ಅಪ್ಪಟ ಬ್ರಿಟಿಷ್ ಇಂಗ್ಲಿಷ್. ಪಾಸಿಂಗ್ ಔಟ್ ಪರೇಡ್ ಎಂಬ ಹೆಸರೇ ಇದೆಯಲ್ಲ.

'ಕರೆಂಟ್ ವೆಂಟ್' ನಮ್ಮ ಮಳೆಗಾಲದ ರಾಷ್ಟ್ರಗೀತೆ. 'ದ ಪವರ್ ವೆಂಟ್ ಔಟ್' ಎಂದು ನಾಮಪದವನ್ನು ಬದಲಿಸಿದರೆ ಕ್ರಿಯಾಪದ ತಾನಾಗಿ ಸರಿಯಾಗುತ್ತದೆ. ಮಳೆ ರಜೆಯನ್ನು ಜಿಲ್ಲಾಧಿಕಾರಿ 'ಡಿಕ್ಲೇರ್ಡ್', ಶಾಲೆಯವರು 'ಅನೌನ್ಸ್ಡ್', ಮಗುವಿನ ಪಾಲಿಗೆ 'ವಿ ಗಾಟ್ ಎ ಹಾಲಿಡೇ'. ಮೂರೂ ಸರಿ, ಯಾರು ಹೇಳುತ್ತಿದ್ದಾರೆ ನೋಡಿಕೊಂಡರಾಯಿತು.

ತೂಕದ ಪದಗಳ ಮೋಹ

'ವಿ ಕನ್‌ಸ್ಯೂಮ್ಡ್ ಬ್ರೇಕ್‌ಫಾಸ್ಟ್ ಅಂಡ್ ಕಮೆನ್ಸ್ಡ್ ಅವರ್ ಜರ್ನಿ ಟು ಅಬ್ಬಿ ಫಾಲ್ಸ್.' ಇಲ್ಲಿ ಮಗುವಿನ ತಪ್ಪಿಲ್ಲ, ದೊಡ್ಡ ಪದಕ್ಕೆ ದೊಡ್ಡ ಅಂಕ ಎಂದು ನಾವೇ ನಂಬಿಸಿದ್ದೇವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಫ್ರೆಂಚ್ ಮೂಲದ ಪದಗಳು ಇಂಗ್ಲಿಷಿನೊಳಗೆ ಬಂದು ಹಳೆಯ ಪದಗಳ ಪಕ್ಕ ಕೂತವು. ಹಾಗಾಗಿ 'ಬಿಗಿನ್' ಪಕ್ಕ 'ಕಮೆನ್ಸ್', 'ಬೈ' ಪಕ್ಕ 'ಪರ್ಚೇಸ್', 'ಆಸ್ಕ್' ಪಕ್ಕ 'ಎನ್‌ಕ್ವೈರ್'. ಒಂದು ಮನೆಯ ಪದ, ಇನ್ನೊಂದು ದರ್ಬಾರಿನ ಪದ. ನಮ್ಮಲ್ಲಿ 'ತಿಂದೆವು' ಎನ್ನುವ ಬದಲು 'ಸೇವಿಸಿದೆವು' ಎಂದರೆ ಹೇಗೋ ಹಾಗೆ. ಬ್ಯಾಂಕಿಗೆ ಬರೆಯುವ ಪತ್ರದಲ್ಲಿ 'ಪರ್ಚೇಸ್ಡ್' ಇರಲಿ, ವಿರಾಜಪೇಟೆ ಸಂತೆಯಲ್ಲಿ ಚಪ್ಪಲಿಯನ್ನು 'ಬಾಟ್' ಮಾಡಿದರೆ ಸಾಕು.

ಮೊಬೈಲಿನ ತಿದ್ದುವ ಆ್ಯಪ್‌ಗಳು ಈ ರೋಗವನ್ನು ಹೆಚ್ಚಿಸುತ್ತವೆ ಎಂಬುದು ನನ್ನ ಅನುಭವ. ಮಗು 'ಮೈ ಗ್ರ್ಯಾಂಡ್‌ಮದರ್ ಟೋಲ್ಡ್ ಮಿ ಎ ಸ್ಟೋರಿ' ಎಂದು ಚಂದವಾಗಿ ಬರೆದದ್ದನ್ನು 'ಶೇರ್ಡ್' ಅಥವಾ 'ನರೇಟೆಡ್' ಎಂದು ಬದಲಿಸಿಕೊಡುತ್ತವೆ. ಅಜ್ಜಿ ಕತೆ ಹೇಳಿದಳು, ಪ್ರೆಸೆಂಟೇಶನ್ ಕೊಡಲಿಲ್ಲ.

ಅನುಮಾನ ಬಂದಾಗ ಎಲ್ಲಿ ನೋಡುವುದು

ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ನಿಘಂಟುಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಓದಿ. ಇನ್ನೂ ಆಳಕ್ಕಿಳಿಯುವವರಿಗೆ ಕಾರ್ಪಸ್‌ಗಳಿವೆ, ಅಂದರೆ ಜನ ನಿಜವಾಗಿ ಬಳಸಿದ ಭಾಷೆಯ ದೊಡ್ಡ ಸಂಗ್ರಹಗಳು: ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳ ಬಳಕೆಯ ದಾಖಲೆ ಇದೆ, ಅಮೆರಿಕನ್ ಇಂಗ್ಲಿಷಿನ 'ಕೋಕಾ'ದಲ್ಲಿ 100 ಕೋಟಿಗೂ ಹೆಚ್ಚು. ನಾಮಪದ ಕೊಟ್ಟು ಅದರ ಹಿಂದೆ ಯಾವ ಕ್ರಿಯಾಪದಗಳು ಬರುತ್ತವೆ ಎಂದು ಕೇಳಬಹುದು. ಗೂಗಲ್ ಹುಡುಕಾಟದಲ್ಲಿ ಉದ್ಧರಣ ಚಿಹ್ನೆಯೊಳಗೆ ಪದಗುಚ್ಛ ಹಾಕಿ ನೋಡುವುದು ಬೇಗದ ದಾರಿ, ಆದರೆ ಅಲ್ಲಿ ತೋರಿಸುವ ಸಂಖ್ಯೆಯನ್ನು ನಂಬಬೇಡಿ. ಯಾರು ಬರೆದಿದ್ದಾರೆ, ಎಲ್ಲಿಯದು ಎಂದು ಮೊದಲ ಒಂದೆರಡು ಪುಟ ತೆರೆದು ನೋಡಿ. 'ಟೇಕ್ಸ್ ಬರ್ತ್' ಹುಡುಕಿದರೆ ಅಲ್ಲೂ ಬೇಕಾದಷ್ಟು ಸಿಗುತ್ತದೆ, ಬರೆದವರೆಲ್ಲ ನಮ್ಮವರೇ.

ಎರಡು ಪದಗಳೂ ನಿಘಂಟಿನಲ್ಲಿ ಪಾಸಾಗಿ, ಎರಡೂ ವಾಕ್ಯಕ್ಕೆ ಹೊಂದುವುದೂ ಉಂಟು. ರಾಜಾಸೀಟಿನ ಸೂರ್ಯಾಸ್ತವನ್ನು 'ಸಾ' ಎಂದರೂ ಆದೀತು, 'ವಾಚ್ಡ್' ಎಂದರೂ ಆದೀತು. ಎರಡನೆಯದರಲ್ಲಿ ಕೊನೆಯವರೆಗೂ ನಿಂತು ನೋಡಿದ ಭಾವ ಇದೆ. ಅಂಥ ಕಡೆ ಮಗು ಬರೆದದ್ದನ್ನು ಹೊಡೆದುಹಾಕದೆ ಇನ್ನೊಂದನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ. ಅಂಕ ಕಳೆಯುವುದಿಲ್ಲ.